ಸುಕ್ರಜ್ಜಿಯ ಹಾಡಿನ ಲೆಕ್ಕ

ಒಂದು ಪೇಪರಿನವರು ಸಾವಿರ ಅಂತ ಬರೆದರು. ಇನ್ನೊಂದು ಪೇಪರಿನವರು ಐದು ಸಾವಿರ ಅಂದರು. ಸುಕ್ರಿ ಬೊಮ್ಮು ಗೌಡರಿಗೆ, ಅಂದರೆ ಅಂಕೋಲೆ ತಾಲ್ಲೂಕಿನ ನಮ್ಮ ಬಡಗೇರಿಯ, ಹಾಲಕ್ಕಿ ಸಮುದಾಯದ ಸುಕ್ರಜ್ಜಿಗೆ, ಬಾಯಿಪಾಠ ಬರುತ್ತಿದ್ದ ಹಾಡುಗಳ ಲೆಕ್ಕ ಇದು. ಯಾರು ಕೂತು ಎಣಿಸಿದರೋ! ನೀವೇ ಹೇಳಿ ಅಕ್ಕ, ಹಾಡನ್ನು ಎಣಿಸೋದು ಹೇಗೆ? ತೆಂಗಿನಕಾಯಿ ಆದರೆ ಈ ರಾಶಿಯಿಂದ ಎತ್ತಿ ಆ ರಾಶಿಗೆ ಎಸೆಯುತ್ತಾ ಎಣಿಸಿಬಿಡಬಹುದು. ಮದುವೆ ಹಾಡು ಒಂದನ್ನೇ ತಗೊಳ್ಳಿ. ಚಪ್ಪರ ಹಾಕುವಾಗ ಒಂದು, ಅರಶಿನ ಹಚ್ಚುವಾಗ ಒಂದು, ದಿಬ್ಬಣ ಬಂದಾಗ ಒಂದು, ಹೆಣ್ಣನ್ನು ಕಳಿಸಿಕೊಡುವಾಗ ಇನ್ನೊಂದು. ಹುಡುಗಿಯ ಹೆಸರು ಬೇರೆಯಾದರೆ, ಬೀಗರ ಊರು ಬೇರೆಯಾದರೆ, ಹಾಡುವವರು ನಾಲ್ಕು ಸೊಲ್ಲು ಅಲ್ಲೇ ಬದಲಿಸಿಬಿಡುತ್ತಾರೆ. ಆಗ ಅದನ್ನು ಹಳೇ ಹಾಡು ಅಂತ ಬರೆದುಕೊಳ್ಳೋದೋ, ಹೊಸದು ಅಂತಲೋ? ಇನ್ನು ರಾಮಾಯಣದ ಕತೆ ಹಾಡಲಿಕ್ಕೆ ಕೂತರೆ ರಾತ್ರಿ ಮುಗಿದರೂ ಹಾಡು ಮುಗಿಯುವುದಿಲ್ಲ. ಅದಕ್ಕೂ ಪಟ್ಟಿಯಲ್ಲಿ ಒಂದೇ ಗೆರೆ ಅಂದರೆ ಅನ್ಯಾಯ, ಅಲ್ವಾ?

ನನಗೆ ಈ ಲೆಕ್ಕದ ಮಾತು ಯಾಕೆ ಬಂತು ಅಂದರೆ, ಸುಕ್ರಜ್ಜಿ ತೀರಿಕೊಂಡ ದಿನದಿಂದ, ಅಂದರೆ 2025ರ ಫೆಬ್ರವರಿ 13ರಿಂದ, ಎಲ್ಲ ಕಡೆ ಇದೇ ಸಂಖ್ಯೆ ತಿರುಗುತ್ತಿದೆ. ಹಾಡುಗಳ ಕಣಜ ಅಂದರು, ಹಾಲಕ್ಕಿ ಕೋಗಿಲೆ ಅಂದರು. ಪ್ರೀತಿಯಿಂದಲೇ ಹೇಳಿದ್ದು, ನಾನು ಆಡಿಕೊಳ್ಳುವುದಿಲ್ಲ. ಆದರೆ ಆ ಹೆಂಗಸು ಹಿರಿಯರು ತುಂಬಿಟ್ಟದ್ದನ್ನು ಹೊರಗೆ ತೆಗೆದು ಕೊಟ್ಟವರಷ್ಟೇ ಆಗಿರಲಿಲ್ಲ. ಹಾಡು ಕಟ್ಟುತ್ತಿದ್ದರು. ಬೇಕಾದ ಹೊತ್ತಿಗೆ, ಬೇಕಾದ ಮಾತಿಗೆ, ಹಳೇ ಧಾಟಿಯಲ್ಲೇ ಹೊಸ ಸೊಲ್ಲು. ಪ್ರಶಸ್ತಿಗಳ ಪಟ್ಟಿಯಲ್ಲಿ ಅದು ಎಲ್ಲೂ ಬರುವುದೇ ಇಲ್ಲ ನೋಡಿ. 1999ರಲ್ಲಿ ಜಾನಪದ ಶ್ರೀ, 2006ರಲ್ಲಿ ಹಂಪಿ ವಿಶ್ವವಿದ್ಯಾಲಯದ ನಾಡೋಜ, 2017ರಲ್ಲಿ ಪದ್ಮಶ್ರೀ. ಅದೆಲ್ಲ ನಿಮಗೆ ಗೊತ್ತಿರುವುದೇ, ಬಿಡಿ.

ಹೀಗೆ ಹಾಡು ಕಟ್ಟುವ ಇನ್ನೊಬ್ಬನ ಪರಿಚಯವೂ ನನಗೆ ಆಯಿತು. ಮೊನ್ನೆ ನಮ್ಮ ಎದುರುಮನೆಯ ಹುಡುಗ ಹಡಗಿನಿಂದ ರಜೆಗೆ ಬಂದಿದ್ದನಲ್ಲ, ಅವನು ಇಸ್ತಾಂಬುಲ್‌ ಬಂದರಿನಲ್ಲಿ ಯಾರದೋ ಹತ್ತಿರ ಫೋನಿಗೆ ಹಾಕಿಸಿಕೊಂಡ ಹಾಡು ಕೇಳಿಸಿದ. ಕಾರವಾರದ ಹುಡುಗರು ಹೀಗೆಯೇ, ಮೊದಲೆಲ್ಲ ಹಡಗಿನಿಂದ ಬರುವಾಗ ಟೇಪ್‌ ರೆಕಾರ್ಡರ್‌ ತರುತ್ತಿದ್ದರು, ಸೆಂಟು ತರುತ್ತಿದ್ದರು, ಈಗ ಹಾಡು ತರುತ್ತಾರೆ. ಒಬ್ಬ ಮುದುಕ, ಒಂದು ತಂತಿವಾದ್ಯ, ಅಷ್ಟೇ. ಮಾತು ಒಂದೂ ಅರ್ಥವಾಗಲಿಲ್ಲ, ಆದರೆ ಅಂಗಳದಲ್ಲಿ ಕೂತವರು ಯಾರೂ ಏಳಲಿಲ್ಲ. ಆಶಿಕ್‌ ವೇಸೆಲ್‌ ಅಂತ ಹೆಸರು. ಆಮೇಲೆ ಹುಡುಕಿ ಓದಿದೆ.

ಈ ವೇಸೆಲ್‌ ಹುಟ್ಟಿದ್ದು 1894ರಲ್ಲಿ, ತುರ್ಕಿಯ ಸಿವಾಸ್‌ ಪ್ರಾಂತದ ಒಂದು ಹಳ್ಳಿಯಲ್ಲಿ. ಏಳು ವರ್ಷಕ್ಕೆ ಸಿಡುಬು ಬಂದು ಒಂದು ಕಣ್ಣು ಹೋಯಿತು, ಮುಂದೆ ಇನ್ನೊಂದೂ ಹೋಯಿತು. ಕಣ್ಣಿಲ್ಲದ ಮಗನಿಗೆ ಹೊತ್ತು ಹೋಗಲಿ ಅಂತ ಅಪ್ಪ ಒಂದು ಸಾಜ್‌ ತಂದುಕೊಟ್ಟ. ಸಾಜ್‌ ಅಂದರೆ ಅವರ ಕಡೆಯ ಉದ್ದ ಕುತ್ತಿಗೆಯ ತಂತಿವಾದ್ಯ. ಬಹಳ ವರ್ಷ ಬೇರೆಯವರ ಹಾಡನ್ನೇ ಹಾಡಿಕೊಂಡಿದ್ದ. 1931ರಲ್ಲಿ ಅಹ್ಮತ್‌ ಕುತ್ಸಿ ತೆಜೆರ್‌ ಅನ್ನೋ ಮೇಷ್ಟರೊಬ್ಬರು, ಅವರೂ ಕವಿಯೇ, ಸಿವಾಸ್‌ ಪಟ್ಟಣದಲ್ಲಿ ಹಳ್ಳಿ ಹಾಡುಗಾರರನ್ನೆಲ್ಲ ಸೇರಿಸಿ ಒಂದು ಹಬ್ಬ ಮಾಡಿದರು. ವೇಸೆಲ್‌ ಹೊರಗಿನವರ ಕಣ್ಣಿಗೆ ಬಿದ್ದದ್ದು ಅಲ್ಲಿ. ಅವರ ಗಣರಾಜ್ಯಕ್ಕೆ ಹತ್ತು ವರ್ಷ ತುಂಬಿದಾಗ ಒಂದು ಪದ ಕಟ್ಟಿದ, ಅದನ್ನು ಅಧ್ಯಕ್ಷ ಅತಾತುರ್ಕರಿಗೇ ಹೇಳಬೇಕು ಅಂತ ಗೆಳೆಯನ ಜೊತೆ ಹಳ್ಳಿಯಿಂದ ಅಂಕಾರಾಕ್ಕೆ ನಡೆದೇ ಹೊರಟ. ಮೂರು ತಿಂಗಳ ದಾರಿ! ಹೋಗಿ ಮುಟ್ಟಿದ, ಅತಾತುರ್ಕ್‌ ಮಾತ್ರ ಸಿಗಲಿಲ್ಲ. ಪದ ಪೇಪರಿನಲ್ಲಿ ಅಚ್ಚಾಯಿತು. 1965ರಲ್ಲಿ ಅಲ್ಲಿನ ಸಂಸತ್ತು, ಮಾತೃಭಾಷೆಗೆ ಮಾಡಿದ ಸೇವೆಗೆ ಅಂತ ತಿಂಗಳ ಸಂಬಳ ಗೊತ್ತು ಮಾಡಿತು. 1973ರಲ್ಲಿ ತೀರಿಕೊಂಡ.

ಅವನ ಬಗ್ಗೆ ಅಲ್ಲಿನವರು ಒಂದು ಕತೆ ಹೇಳುತ್ತಾರಂತೆ, ಕೇಳಿ. ಮೊದಲ ಹೆಂಡತಿ ಮನೆ ಆಳಿನ ಜೊತೆ ಓಡಿಹೋದಳು. ಓಡಿಹೋಗುತ್ತಾಳೆ ಅಂತ ಇವನಿಗೆ ಮೊದಲೇ ಸುಳಿವು ಸಿಕ್ಕಿತ್ತು. ದಾರಿಯಲ್ಲಿ ಕಷ್ಟಕ್ಕೆ ಬೀಳಬಾರದು ಅಂತ ಅವಳ ಕಾಲುಚೀಲದೊಳಗೆ ದುಡ್ಡು ತುರುಕಿಟ್ಟಿದ್ದನಂತೆ. ಎಲ್ಲೋ ಹತ್ತು ಹೆಜ್ಜೆ ಹೋಗಿ ಕಾಲಿಗೆ ಏನೋ ಒತ್ತುತ್ತದೆ ಅಂತ ನೋಡಿದರೆ, ದುಡ್ಡು. ಈ ಕತೆ ಎಷ್ಟು ಖರೆಯೋ, ಎಷ್ಟು ಜನ ಕಟ್ಟಿದ್ದೋ. ಹಾಗೆ ಕತೆ ಕಟ್ಟಿಸಿಕೊಳ್ಳಲಿಕ್ಕೂ ಯೋಗ್ಯತೆ ಬೇಕು, ಅಲ್ವಾ?

ಓದುತ್ತಾ ಹೋದ ಹಾಗೆ ನನಗೆ ಬಡಗೇರಿಯೇ ಕಣ್ಣೆದುರು ಬಂತು. ಸುಕ್ರಜ್ಜಿಯೂ ಶಾಲೆ ಮೆಟ್ಟಿಲು ಹತ್ತಿದವರಲ್ಲ. ಹಾಡು ತಾಯಿಯಿಂದ ಬಂತು. ಎಳೇ ಪ್ರಾಯದಲ್ಲಿ ಮದುವೆ, ಗಂಡ ವಯಸ್ಸಿನಲ್ಲಿ ಬಹಳ ದೊಡ್ಡವರು. ಹೆತ್ತ ಮಕ್ಕಳು ಉಳಿಯಲಿಲ್ಲ. ಗಂಡನನ್ನು ಕುಡಿತ ತಿಂದಿತು. ಸಾಕಿಕೊಂಡ ಮಗನನ್ನಾದರೂ ಉಳಿಸಿಕೊಳ್ಳೋಣ ಅಂದರೆ ಅವನನ್ನೂ ಅದೇ ಕುಡಿತ ಕರೆದುಕೊಂಡು ಹೋಯಿತು. ಇಷ್ಟಾದ ಮೇಲೂ ಹಾಡು ಬಾಯಲ್ಲಿ ಉಳಿದದ್ದು ದೊಡ್ಡದು. ನಮ್ಮಲ್ಲಿ ಮನೆಯಲ್ಲಿ ಒಂದು ಸಾವಾದರೆ ವರ್ಷಗಟ್ಟಲೆ ರೇಡಿಯೋ ಹಾಕದ ಮನೆಗಳನ್ನು ನೋಡಿದ್ದೇವಲ್ಲ.

ದಿಲ್ಲಿಗೆ ಸುಕ್ರಜ್ಜಿ ಏನೂ ನಡೆದು ಹೋಗಬೇಕಾಗಲಿಲ್ಲ ಅನ್ನಿ. 2017ರಲ್ಲಿ ರಾಷ್ಟ್ರಪತಿ ಪ್ರಣಬ್‌ ಮುಖರ್ಜಿಯವರ ಕೈಯಿಂದ ಪದ್ಮಶ್ರೀ ತಗೊಂಡರು. ಆ ಫೋಟೋ ನಿಮ್ಮ ಮನೆಯಲ್ಲೂ ಯಾರಾದರೂ ಕತ್ತರಿಸಿ ಇಟ್ಟಿರಬೇಕು. ನನಗೆ ಅದರಲ್ಲಿ ಬಹಳ ಖುಷಿ ಕೊಟ್ಟದ್ದು ಅವರು ಹೋದ ವೇಷ. ಹೆಗಲ ಮೇಲೆ ಗಂಟು ಹಾಕಿ ಉಟ್ಟ ಸೀರೆ, ಕೊರಳ ತುಂಬ ಮಣಿಸರ. ಹಾಲಕ್ಕಿ ಹೆಂಗಸರ ಈ ಮಣಿಸರವನ್ನು ನೀವು ಹತ್ತಿರದಿಂದ ನೋಡಿದ್ದೀರಾ? ಪೇಟೆಗೆ ಬಸಳೆ, ಹರಿವೆ, ಮೊಗೆಕಾಯಿ ತರುವವರ ಎದುರು ಚೌಕಾಸಿ ಮಾಡುತ್ತಾ ನಿಲ್ಲುವಾಗ ನೋಡಬೇಕು. ಕರಿಮಣಿಯದು ಎಷ್ಟೋ ಎಳೆ, ನಡುನಡುವೆ ಕೆಂಪು, ಹಳದಿ, ಬಿಳಿ. ಒಂದರ ಮೇಲೊಂದು ಕೂತು ಎದೆಯ ತನಕ ಇಳಿದಿರುತ್ತವೆ. ಬಗ್ಗಿ ಹೆಡಿಗೆಯಿಂದ ಸೊಪ್ಪು ತೆಗೆಯುವಾಗ ಇಷ್ಟೂ ಸರ ಒಟ್ಟಿಗೆ ಮುಂದೆ ಜಾರುತ್ತದೆ, ಅವರು ಎಡಗೈಯಲ್ಲಿ ಅದನ್ನು ಹಿಂದೆ ತಳ್ಳಿ ಬಲಗೈಯಲ್ಲಿ ಕಟ್ಟು ಕೊಡುತ್ತಾರೆ. ಆ ಕೈಗೆ ಅದೊಂದು ರೂಢಿ. ಚಿಕ್ಕಂದಿನಲ್ಲಿ ನಾನು ಸೊಪ್ಪು ಬಿಟ್ಟು ಅದನ್ನೇ ನೋಡುತ್ತಾ ನಿಂತು ಅಮ್ಮನ ಹತ್ತಿರ ಬೈಸಿಕೊಂಡದ್ದುಂಟು.

ಕಾರವಾರಕ್ಕೆ ಹಾಡು ಕಟ್ಟುವವರ ಋಣ ಹಳೇದು. ಟಾಗೋರರ ಸುದ್ದಿ ಗೊತ್ತಲ್ಲ? 1883ರಲ್ಲಿ ಬಂದಾಗ ಅವರಿಗೆ ಇಪ್ಪತ್ತೆರಡು ವರ್ಷ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಡ್ಜ್‌ ಆಗಿದ್ದರು. ಐಸಿಎಸ್‌ ಮುಗಿಸಿದ ಮೊದಲ ಭಾರತೀಯ ಅವರೇ. ಟಾಗೋರರು ಕಾಳಿ ನದಿಯಲ್ಲಿ ದೋಣಿ ಹತ್ತಿ ಮೇಲೆ ಹೋಗಿ, ಬೆಳದಿಂಗಳಲ್ಲಿ ತಿರುಗಿ ಬಂದು, ಮರಳಿನ ಮೇಲೆ ನಡೆದುಕೊಂಡೇ ಮನೆ ಸೇರಿದ್ದನ್ನು ಮುಂದೆ ಆತ್ಮಕತೆಯಲ್ಲಿ ಬರೆದುಕೊಂಡರು. ಪ್ರಕೃತಿಯ ಪ್ರತಿಶೋಧ ಅಂತ ನಾಟಕ ಬರೆದದ್ದೂ ಇಲ್ಲೇ. ಅದಕ್ಕೇ ನಮ್ಮ ಕಡಲತೀರಕ್ಕೆ ಟಾಗೋರರ ಹೆಸರು. ಅಂಕೋಲೆಗೆ ಬಂದರೆ ದಿನಕರ ದೇಸಾಯರು ಇದ್ದೇ ಇದ್ದಾರೆ, ನಾಲ್ಕೇ ಸಾಲಿನಲ್ಲಿ ಚುಟುಕ ಹೇಳಿ ಮುಗಿಸುವವರು, ರೈತರ ಪರ ನಿಂತು ಜಿಲ್ಲೆಯಿಂದಲೇ ಗಡೀಪಾರಾದವರು. ಟಾಗೋರರ ತೀರದಲ್ಲಿ ಈಗ ಯುದ್ಧನೌಕೆಯ ಮ್ಯೂಸಿಯಂ ಇದೆ, ಪಕ್ಕದಲ್ಲೇ ರಾಕ್‌ ಗಾರ್ಡನ್‌ ಇದೆ. ರಾಕ್‌ ಗಾರ್ಡನ್ನಿನಲ್ಲಿ ನಮ್ಮ ಜಿಲ್ಲೆಯ ಹಾಲಕ್ಕಿ, ಸಿದ್ದಿ, ಗೌಳಿ ಜನರ ಬದುಕನ್ನೆಲ್ಲ ಮೂರ್ತಿ ಮಾಡಿ ನಿಲ್ಲಿಸಿದ್ದಾರೆ. ಪ್ರವಾಸಕ್ಕೆ ಬಂದ ಮಕ್ಕಳು ಅವುಗಳ ಹೆಗಲಿಗೆ ಕೈ ಹಾಕಿ ಫೋಟೋ ತೆಗೆಸಿಕೊಳ್ಳುತ್ತಾರೆ. ಒಳ್ಳೇದೇ. ಅಲ್ಲಿಂದ ಒಂದು ಗಂಟೆಯ ದಾರಿಯಲ್ಲಿ ಅದೇ ಜನ ಗದ್ದೆಯಲ್ಲಿ ಜೀವಂತ ಇದ್ದಾರೆ ಅನ್ನುವುದನ್ನೂ ಆ ಮಕ್ಕಳಿಗೆ ಯಾರಾದರೂ ಹೇಳಿದರೆ ಇನ್ನೂ ಒಳ್ಳೇದು.

ಏನು ಹೇಳುತ್ತಿದ್ದೆ? ಹಾಂ, ಕುಡಿತ. ನಿಮಗೆ ನೆನಪಿದೆಯಲ್ಲ ಅಕ್ಕ, ಕೊಟ್ಟೆ ಸಾರಾಯಿಯ ಕಾಲ. ಹಲ್ಲಿನಲ್ಲಿ ಮೂಲೆ ಕಚ್ಚಿ ಹರಿದು ಅಲ್ಲೇ ಕುಡಿದು ಎಸೆದ ಕೊಟ್ಟೆಗಳು ಗಟಾರದ ತುಂಬ. ನಮ್ಮ ಕಡೆ ಅದರ ಜೊತೆಗೆ ಮಾಜಾಳಿ ಗಡಿ ದಾಟಿ ಬರುವ ಗೋವಾ ಸರಕು ಬೇರೆ. ದಿನಗೂಲಿ ಕೈಗೆ ಬಂದ ಸಂಜೆ ಮನೆಗೆ ಬರುವಾಗ ಕೈ ಖಾಲಿ. ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ಅಕ್ಷರ ಕಲಿಯಲಿಕ್ಕೆ ಕೂತ ಹೆಂಗಸರೇ 1992ರಲ್ಲಿ ಸಾರಾಯಿ ಅಂಗಡಿ ಮುಚ್ಚಿಸಿದರಲ್ಲ, ಸುದ್ದಿ ದೇಶಕ್ಕೆಲ್ಲ ಹರಡಿತು. ಸಾಕ್ಷರತೆಯ ಆಂದೋಲನ, ಸಾರಾಯಿ ಬೇಡ ಅನ್ನುವ ಚಳವಳಿ ಎರಡೂ ನಮ್ಮ ಜಿಲ್ಲೆಯಲ್ಲೂ ನಡೆದವು. ಎರಡರಲ್ಲೂ ಸುಕ್ರಜ್ಜಿ ಇದ್ದರು. ಬಡಗೇರಿಯಲ್ಲಿ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿ ಮಾರುವವರ ಎದುರು ನಿಂತರು. ಮನೆಯಲ್ಲಿ ಇಬ್ಬರನ್ನು ಕಳೆದುಕೊಂಡವರ ಬಾಯಿಂದ ಆ ಮಾತು ಬಂದರೆ ಎದುರು ಹೇಳುವವರು ಯಾರು?

ಭಾಷಣ ಮಾಡುವವರು ಆಗ ಬಹಳ ಮಂದಿ ಇದ್ದರು. ಆದರೆ ಭಾಷಣ ಕೇಳಿದವರು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ. ಹಾಡು ಹಾಗಲ್ಲ, ಕೇಳಿದವರ ಬಾಯಿಗೆ ಹತ್ತಿಬಿಡುತ್ತದೆ. ಹೆಂಗಸರ ಹಾಡಿನ ಕಟ್ಟುಪಾಡೇ ಹಾಗಿದೆ. ಒಬ್ಬರು ಸೊಲ್ಲು ಎತ್ತುತ್ತಾರೆ, ಉಳಿದವರು ಅದನ್ನು ಹಿಡಿದು ತಿರುಗಿ ಹೇಳುತ್ತಾರೆ. ಅವರು ತಿರುಗಿ ಹೇಳಿ ಮುಗಿಸುವಷ್ಟರಲ್ಲಿ ಮುಂದಾಳಿಗೆ ಉಸಿರೂ ಸಿಗುತ್ತದೆ, ಮುಂದಿನ ಸೊಲ್ಲು ಯೋಚಿಸಲಿಕ್ಕೆ ಪುರಸೊತ್ತೂ ಸಿಗುತ್ತದೆ. ಹೊಸ ಸೊಲ್ಲು ಹುಟ್ಟುವುದು ಆ ಸಂದಿಯಲ್ಲೇ. ಧಾಟಿ ಹೇಗೂ ಎಲ್ಲರಿಗೂ ಗೊತ್ತು, ಅಜ್ಜಿಯ ಕಾಲದ್ದು. ಮಾತು ಮಾತ್ರ ಇವತ್ತಿನದು. ಹೀಗಾಗಿ ಹೊಸ ಹಾಡು ಕಲಿಸಲಿಕ್ಕೆ ಪ್ರತ್ಯೇಕ ಪಾಠ ಬೇಡ, ಒಂದು ಸಲ ಹಾಡಿ ಮುಗಿಸುವಷ್ಟರಲ್ಲಿ ಇಡೀ ಕೊಪ್ಪಕ್ಕೆ ಬಂದಿರುತ್ತದೆ. ಅಕ್ಷರದ ಮಾತಾಗಲಿ, ಕುಡಿತದ ಮಾತಾಗಲಿ, ಸುಕ್ರಜ್ಜಿ ಹಾಡಿನೊಳಗೆ ಹೀಗೆ ತಂದು ಕೂಡಿಸಿದರು. ನಮ್ಮಲ್ಲಿ ಪುಸ್ತಕದ ಮೇಲೆ ಹೆಸರು ಅಚ್ಚಾದರೆ ಕವಿ ಅಂತೇವೆ. ಇವರು ಕಟ್ಟಿದ ಸೊಲ್ಲಿನ ಮೇಲೆ ಯಾವ ಹೆಸರೂ ಇಲ್ಲ. ನಾಳೆ ಇನ್ನೊಬ್ಬರು ಅದಕ್ಕೆ ಎರಡು ಸೇರಿಸಿ ಹಾಡಬಹುದು, ಯಾರ ಅಪ್ಪಣೆಯೂ ಬೇಡ.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಕುಡಿತ ನಿಂತಿತಾ ಅಂತ ಕೇಳಬೇಡಿ. ಕೊಟ್ಟೆ ಹೋಗಿ ಬಾಟ್ಲಿ ಬಂತು, ಅಷ್ಟೇ. ಪದ್ಮಶ್ರೀ ಬಂದ ಮೇಲೂ, ಯಾರು ಮೈಕ್‌ ಹಿಡಿದರೂ, ಸುಕ್ರಜ್ಜಿ ಬಿಡದೆ ಆಡುತ್ತಿದ್ದ ಮಾತು ಎರಡು. ಒಂದು ಈ ಕುಡಿತ. ಇನ್ನೊಂದು ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಅನ್ನುವುದು. ಅದು ಅವರ ಜನರ ಬಹಳ ವರ್ಷದ ಬೇಡಿಕೆ. ಬೆಂಗಳೂರಿಂದ ದಿಲ್ಲಿಗೆ ಕಾಗದ ಹೋಗುತ್ತದೆ, ದಿಲ್ಲಿಯಿಂದ ತಿರುಗಿ ಬರುತ್ತದೆ. 2023ರ ಮೇ ತಿಂಗಳಲ್ಲಿ ಪ್ರಧಾನಿ ಅಂಕೋಲೆಗೆ ಬಂದಾಗ ಸುಕ್ರಜ್ಜಿಯ ಕಾಲು ಮುಟ್ಟಿದರು, ತುಳಸಜ್ಜಿಯ ಕಾಲೂ ಮುಟ್ಟಿದರು, ಎಲ್ಲ ಟಿವಿಯಲ್ಲೂ ಬಂತು. ಬೇಡಿಕೆ ಮಾತ್ರ ಇದ್ದಲ್ಲೇ ಇದೆ. ನನಗೆ ಇದು ನಿಜವಾಗಿ ನೋವಿನ ಸಂಗತಿ. ವೇದಿಕೆ ಬೇಕಾದಾಗ ಹಾಲಕ್ಕಿ ಕುಣಿತ ಬೇಕು, ಮೆರವಣಿಗೆಗೆ ಹಾಲಕ್ಕಿ ವೇಷ ಬೇಕು, ಜಿಲ್ಲೆಯ ಹೆಮ್ಮೆ ಅನ್ನಲಿಕ್ಕೆ ಹಾಲಕ್ಕಿ ಅಜ್ಜಿಯರು ಬೇಕು. ಅವರು ಬಾಯಿಬಿಟ್ಟು ಕೇಳಿದ್ದನ್ನು ಕೊಡಲಿಕ್ಕೆ ಮಾತ್ರ ಯಾರ ಕೈಯೂ ಮುಂದೆ ಬರುವುದಿಲ್ಲ.

ತುಳಸಜ್ಜಿ ಅಂದೆನಲ್ಲ, ಹೊನ್ನಳ್ಳಿಯ ತುಳಸಿ ಗೌಡರು. ಒಂದೇ ತಾಲ್ಲೂಕು, ಒಂದೇ ಜನ, ಇಬ್ಬರಿಗೂ ಪದ್ಮಶ್ರೀ. ಒಬ್ಬರಿಗೆ ಹಾಡಿಗೆ, ಇನ್ನೊಬ್ಬರಿಗೆ ಗಿಡಕ್ಕೆ. ತುಳಸಜ್ಜಿ ಮಾಸ್ತಿಕಟ್ಟೆಯ ಅರಣ್ಯ ಇಲಾಖೆ ನರ್ಸರಿಯಲ್ಲಿ ದಿನಗೂಲಿಗೆ ಸೇರಿ, ಯಾವ ಮರದ ಬೀಜ ಯಾವಾಗ ಆರಿಸಬೇಕು, ಹೇಗೆ ಮೊಳಕೆ ಬರಿಸಬೇಕು ಅನ್ನುವುದನ್ನು ಕೈಯಲ್ಲೇ ಕಲಿತವರು. 2021ರಲ್ಲಿ ಬರಿಗಾಲಿನಲ್ಲಿ ರಾಷ್ಟ್ರಪತಿ ಭವನದ ಕೆಂಪು ಹಾಸಿನ ಮೇಲೆ ನಡೆದು ಹೋದದ್ದನ್ನು ದೇಶವೇ ನೋಡಿತು. 2024ರ ಡಿಸೆಂಬರ್‌ 16ಕ್ಕೆ ಅವರು ಹೋದರು. ಎರಡು ತಿಂಗಳು ತುಂಬುವುದರೊಳಗೆ ಸುಕ್ರಜ್ಜಿಯೂ ಹೊರಟರು. ಅದೇ 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದು ಹೆದ್ದಾರಿಯ ಜೊತೆ ಎಷ್ಟು ಜೀವ ಗಂಗಾವಳಿ ಪಾಲಾದವು. ಅಂಕೋಲೆಗೆ ಅದು ಕೆಟ್ಟ ವರ್ಷ ಮಾರಾಯ್ರೆ.

ಬೇಸರದ ಮಾತು ಸಾಕು. ಸುಗ್ಗಿಯದು ಹೇಳುತ್ತೇನೆ. ಹೋಳಿ ಹುಣ್ಣಿಮೆ ಹತ್ತಿರ ಬಂತೆಂದರೆ ಬೆಳಂಬಾರದ ಕಡೆಯಿಂದ ಹಾಲಕ್ಕಿ ಗಂಡಸರ ಸುಗ್ಗಿ ಮೇಳ ಪೇಟೆಗೆ ಬರುತ್ತದಲ್ಲ, ತಲೆ ಮೇಲೆ ಅಷ್ಟೆತ್ತರದ ತುರಾಯಿ ಕಟ್ಟಿಕೊಂಡು. ತಹಶೀಲ್ದಾರ ಕಚೇರಿಯ ಎದುರು ಕುಣಿದು ಗೌರವ ತಗೊಳ್ಳುವ ಪದ್ಧತಿ ಬ್ರಿಟಿಷರ ಕಾಲದ್ದು ಅಂತ ಹೇಳುತ್ತಾರೆ. ಆಮೇಲೆ ಹಗರಣ. ಊರಲ್ಲಿ ವರ್ಷವಿಡೀ ಯಾರು ಯಾರು ಏನೇನು ಮಾಡಿದರೋ ಎಲ್ಲದರ ಅಣಕು ವೇಷ ಅಂದು ಬೀದಿಗೆ ಬರುತ್ತದೆ. ಸಾಹೇಬರನ್ನೂ ಬಿಡುವುದಿಲ್ಲ, ಸಾಹುಕಾರರನ್ನೂ ಬಿಡುವುದಿಲ್ಲ. ಆ ದಿನ ಸಿಟ್ಟು ಮಾಡಿಕೊಳ್ಳುವ ಹಾಗಿಲ್ಲ, ಅದು ಲೆಕ್ಕ.

ಈ ಗಂಡಸರು ಗುಮಟೆ ಪಾಂಗು ಹಾಡುವಾಗ ಬಾರಿಸುವ ಗುಮಟೆಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಮಣ್ಣಿನದು, ಎರಡು ಬಾಯಿ. ದೊಡ್ಡ ಬಾಯಿಗೆ ಚರ್ಮ, ಸಣ್ಣ ಬಾಯಿ ತೆರೆದದ್ದು. ಕಂಕುಳಲ್ಲಿ ಇಟ್ಟುಕೊಂಡು ಬಲಗೈಯಿಂದ ಚರ್ಮಕ್ಕೆ ಬಡಿಯುತ್ತಾ ಎಡಗೈ ಅಂಗೈಯಿಂದ ಆ ಸಣ್ಣ ಬಾಯನ್ನು ಮುಚ್ಚಿ ತೆರೆದು ಮಾಡುತ್ತಾರೆ. ಮುಚ್ಚಿದರೆ ಒಂದು ದನಿ, ಅರ್ಧ ತೆರೆದರೆ ಇನ್ನೊಂದು. ಹಿಂದೆ ಉಡದ ಚರ್ಮ ಹಾಕುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಉಡವನ್ನು ಮುಟ್ಟುವ ಹಾಗಿಲ್ಲ, ಆಡಿನ ಚರ್ಮಕ್ಕೆ ಬಂದಿದ್ದಾರೆ. ಹಳಬರು ದನಿ ಮೊದಲಿನಷ್ಟು ಹರಿಯುವುದಿಲ್ಲ ಅಂತ ಗೊಣಗುತ್ತಾರೆ. ಪಕ್ಕದ ಗೋವಾದವರು ಇದೇ ವಾದ್ಯಕ್ಕೆ 2019ರಲ್ಲಿ ರಾಜ್ಯದ ಪಾರಂಪರಿಕ ವಾದ್ಯ ಅಂತ ಪಟ್ಟ ಕಟ್ಟಿದರು. ನಮ್ಮಲ್ಲಿ ಇನ್ನೂ ಅದು ಗೌಡರ ಮನೆಯ ಅಟ್ಟದ ಮೇಲೇ ಇದೆ.

ಗುಮಟೆ ಗಂಡಸರದ್ದಾಯಿತು. ಹೆಂಗಸರ ಹಾಡಿಗೆ ವಾದ್ಯವೇ ಇಲ್ಲ, ಗಮನಿಸಿದ್ದೀರಾ? ತಾರ್ಲೆ ಕುಣಿಯುವಾಗ ಹೆಜ್ಜೆಯೇ ತಾಳ. ಗದ್ದೆಯಲ್ಲಿ ಸಸಿ ಕೀಳುವ ಕೈ, ನೆಡುವ ಕೈ, ಒನಕೆ ಎತ್ತಿ ಇಳಿಸುವ ಕೈ, ಅದೇ ಲಯ. ನಾಟಿಯ ಹಾಡು ಯಾಕೆ ಅಷ್ಟು ನಿಧಾನ ಅಂತ ನನಗೆ ಬಹಳ ಕಾಲ ಗೊತ್ತಾಗಿರಲಿಲ್ಲ. ಕೆಸರಿನಲ್ಲಿ ನಿಂತು ಹಿಂದೆ ಹಿಂದೆ ಸರಿಯುತ್ತಾ ನೆಡುವವರ ಜೊತೆ ಗದ್ದೆಗೆ ಇಳಿದ ಮೇಲೆ ತಿಳಿಯಿತು. ಬಗ್ಗಿದ ಬೆನ್ನಿಗೆ ಅದಕ್ಕಿಂತ ಚುರುಕಾಗಿ ಹಾಡಲಿಕ್ಕೆ ಉಸಿರೇ ಬರುವುದಿಲ್ಲ! ಒಂದು ಸಾಲು ನೆಟ್ಟು ನೆಟ್ಟಗೆ ನಿಂತಾಗ ಹಾಡೂ ಒಂದು ನಿಲುಗಡೆಗೆ ಬಂದಿರುತ್ತದೆ.

ಸುಕ್ರಜ್ಜಿಯನ್ನು ನಾನು ವೇದಿಕೆಯ ಮೇಲೆ ಕೇಳಿದ್ದೇನೆ. ಆಗಲೂ ನನಗೆ ಕಂಡದ್ದು ಇದೇ. ಅಲಂಕಾರ ಇಲ್ಲ, ಆಲಾಪ ಇಲ್ಲ, ದನಿ ಏರಿಸಿ ಚಪ್ಪಾಳೆ ಬರಿಸುವ ಆಟ ಇಲ್ಲ. ಮೈಕ್‌ ಇದೆ ಅಂತ ಹಾಡು ಬದಲಾಗುವುದಿಲ್ಲ, ಗದ್ದೆಯಲ್ಲಿ ಹೇಗೋ ಇಲ್ಲೂ ಹಾಗೆ. ಜೊತೆಯ ಹೆಂಗಸರು ಸೊಲ್ಲು ತಿರುಗಿ ಹೇಳುವಾಗ ಅವರು ಸುಮ್ಮನೆ ಮುಂದಿನದಕ್ಕೆ ಕಾಯುತ್ತಿದ್ದರು. ಕಾರ್ಯಕ್ರಮ ನಡೆಸುವವರು ಕೈಗಡಿಯಾರ ನೋಡಿಕೊಳ್ಳುತ್ತಾ ಇನ್ನೊಂದೇ ಒಂದು ಅಂದರೆ, ಆ ಒಂದು ಯಾವಾಗ ಮುಗಿಯಬೇಕು ಅಂತ ಹಾಡೇ ತೀರ್ಮಾನಿಸುತ್ತಿತ್ತು. ಒಳ್ಳೇದಾಯಿತು ಅಂತ ನಾನು ಮನಸ್ಸಿನಲ್ಲೇ ಅಂದುಕೊಂಡೆ. ಮಂತ್ರಿಗಳಿಗೆ ಕೊಡುವಷ್ಟು ಹೊತ್ತು ಇವರಿಗೂ ಕೊಡಬೇಕು, ಅಲ್ವಾ?

ಆಕಾಶವಾಣಿಯವರು ಹಾಡಿಸಿ ಇಟ್ಟುಕೊಂಡಿದ್ದಾರೆ, ಅದು ದೊಡ್ಡ ಉಪಕಾರ. ನಮ್ಮ ಜಿಲ್ಲೆಯಲ್ಲಿ ಅದಕ್ಕೂ ಮೊದಲು ಎಲ್‌.ಆರ್‌. ಹೆಗಡೆಯವರು, ಎನ್‌.ಆರ್‌. ನಾಯಕರು, ಶಾಂತಿ ನಾಯಕರು ಕೇರಿ ಕೇರಿ ಅಲೆದು ಹಾಡು, ಕತೆ ಬರೆದಿಟ್ಟರು. ಅವರೆಲ್ಲ ಇಲ್ಲದಿದ್ದರೆ ಇವತ್ತು ನಾವು ಇಷ್ಟು ಮಾತಾಡಲಿಕ್ಕೂ ಆಗುತ್ತಿರಲಿಲ್ಲ. ಆದರೆ ರೆಕಾರ್ಡಿನಲ್ಲಿ ಒಂದು ತೊಡಕಿದೆ. ಅದರಲ್ಲಿರುವ ಸೊಲ್ಲು ಆ ದಿನದ್ದು. ಎತ್ತುವವರೂ ಅಲ್ಲೇ, ಹಿಡಿಯುವವರೂ ಅಲ್ಲೇ. ನಾವು ನೀವು ಕೇಳಬಹುದು, ನಡುವೆ ಬಾಯಿ ಹಾಕಲಿಕ್ಕೆ ಆಗುವುದಿಲ್ಲ. ಸುಕ್ರಜ್ಜಿಯ ಹತ್ತಿರ ಹಾಡು ಕಲಿತ ಹೆಂಗಸರು ಬಡಗೇರಿಯ ಸುತ್ತ ಇದ್ದಾರೆ, ಅವರ ಹೆಣ್ಣುಮಕ್ಕಳಿಗೂ ಧಾಟಿ ಗೊತ್ತು. ಹಾಡಲಿಕ್ಕೆ ಜಾಗ ಎಲ್ಲಿ ಅನ್ನುವುದೇ ಪ್ರಶ್ನೆ. ಗದ್ದೆ ಎಷ್ಟೋ ಕಡೆ ಹಡಿಲು ಬಿದ್ದಿದೆ, ನಾಟಿಗೆ ಯಂತ್ರ ಬಂದಿದೆ, ಒನಕೆಯಂತೂ ಮದುವೆಮನೆಯ ಶಾಸ್ತ್ರಕ್ಕಷ್ಟೇ. 1986ರಲ್ಲಿ ನೌಕಾನೆಲೆ ಯೋಜನೆಯಾದ ಸೀಬರ್ಡ್‌ಗೆ ಅಡಿಗಲ್ಲು ಬಿತ್ತಲ್ಲ, ಮುಂದೆ ಕಾರವಾರ ಅಂಕೋಲೆ ನಡುವಿನ ಊರೂರೇ ಎದ್ದು ಹೋದವು. ಸಾವಿರಾರು ಮನೆಯವರು. ಗದ್ದೆಗೆ ಪರಿಹಾರ, ಮನೆಗೆ ಪರಿಹಾರ, ಬಾವಿಗೆ, ತೆಂಗಿನಮರಕ್ಕೆ ಎಲ್ಲದಕ್ಕೂ ಇಷ್ಟಿಷ್ಟು ಅಂತ ಬರೆದರು. ಒಂದೇ ಕೊಪ್ಪದಲ್ಲಿ ಸೊಲ್ಲಿಗೆ ಸೊಲ್ಲು ಕೊಡುತ್ತಿದ್ದ ಹೆಂಗಸರು ಒಬ್ಬರು ಒಂದು ಕಾಲೊನಿಗೆ, ಇನ್ನೊಬ್ಬರು ಇನ್ನೊಂದು ಕಾಲೊನಿಗೆ ಹೋದರು. ಅದನ್ನು ಬರೆಯಲಿಕ್ಕೆ ಆ ಫಾರಮಿನಲ್ಲಿ ಜಾಗ ಇರಲಿಲ್ಲ.

ವೇಸೆಲ್‌ ವಿಷಯದಲ್ಲಿ ನನಗೆ ಇಷ್ಟವಾದದ್ದು ಒಂದಿದೆ. ತುರ್ಕಿಯವರು ಅವನನ್ನು ಬರೀ ಸನ್ಮಾನ ಮಾಡಿ ಕಳಿಸಲಿಲ್ಲ. ಹಳ್ಳಿ ಮಕ್ಕಳನ್ನು ಮೇಷ್ಟರನ್ನಾಗಿ ತಯಾರು ಮಾಡುವ ಶಾಲೆಗಳು ಅವರಲ್ಲಿ ಆ ಕಾಲಕ್ಕೆ ಇದ್ದವು. ಅಲ್ಲಿಗೆ ಅವನನ್ನು ಸಾಜ್‌ ಕಲಿಸಲಿಕ್ಕೆ ಕರೆದರು. ಕಣ್ಣಿಲ್ಲದ, ಶಾಲೆ ಕಾಣದ ಹಳ್ಳಿಗ ಪಾಠ ಹೇಳುವವನಾದ. ಅಲ್ಲಿ ಕಲಿತ ಮಕ್ಕಳು ಬೇರೆ ಬೇರೆ ಹಳ್ಳಿಗೆ ಮೇಷ್ಟರಾಗಿ ಹೋದರು, ಹಾಡೂ ಅವರ ಜೊತೆ ಹೋಯಿತು. ನಮ್ಮ ಅಂಕೋಲೆ ಶಾಲೆಗಳಲ್ಲಿ ವಾರಕ್ಕೊಂದು ಪಿರಿಯಡ್‌ ಬಡಗೇರಿಯ, ಬೆಳಂಬಾರದ ಹೆಂಗಸರನ್ನು ಕರೆದು ಕೂರಿಸಿದರೆ ಏನು ಕಷ್ಟ? ನೋಟ್ಸ್‌ ಬೇಡ, ಪರೀಕ್ಷೆ ಬೇಡ. ಅವರು ಎತ್ತಲಿ, ಮಕ್ಕಳು ಹಿಡಿಯಲಿ. ಗೌರವಧನ ಮಾತ್ರ ಸರಿಯಾಗಿ ಕೊಡಬೇಕು, ಬಂದು ಹೋಗುವ ರಿಕ್ಷಾ ಬಾಡಿಗೆಯನ್ನೂ. ಶಾಲು ಹೊದೆಸಿ ಫಲತಾಂಬೂಲ ಕೊಟ್ಟು ಕಳಿಸುವ ಚಾಳಿ ನಮ್ಮಲ್ಲಿ ಬಹಳ ಇದೆ. ಹೊಟ್ಟೆಪಾಡಿನವರಿಗೆ ಶಾಲು ಎಷ್ಟು ಅಂತ ಬೇಕು?

ಅಂದ ಹಾಗೆ, ನಿಮ್ಮ ಮಗಳ ಮದುವೆ ಕಾರ್ತಿಕದ ನಂತರ ಅಂದಿರಲ್ಲ ಅಕ್ಕ. ಆರ್ಕೆಸ್ಟ್ರಾ ಗೊತ್ತು ಮಾಡಿದ್ದರೆ ಇರಲಿ, ಹುಡುಗರಿಗೆ ಅದು ಬೇಕು. ಅರಶಿನದ ದಿನ ಮಾತ್ರ ಬೇರೆ ಯಾವ ಗದ್ದಲವೂ ಬೇಡ. ನಮಗೆ ತರಕಾರಿ ತರುವ ಹಾಲಕ್ಕಿ ಅಜ್ಜಿಯ ಹತ್ತಿರ ನಾನು ಆಗಲೇ ಮಾತು ತೆಗೆದಿದ್ದೇನೆ. ಐದಾರು ಮಂದಿ ಬರುತ್ತಾರಂತೆ, ಬೆಳಗ್ಗೆಯೇ ಬಂದು ಚಪ್ಪರದ ಹಾಡಿನಿಂದ ಹಿಡಿಯುತ್ತಾರಂತೆ. ನಮ್ಮ ಹುಡುಗಿಯ ಹೆಸರು, ಹುಡುಗನ ಊರು ಮೊದಲೇ ಕೇಳಿಕೊಂಡರು, ಹಾಡಿನಲ್ಲಿ ಸೇರಿಸಲಿಕ್ಕೆ. ಹುಬ್ಬಳ್ಳಿ ಅಂದೆ. ಹುಬ್ಬಳ್ಳಿಯನ್ನು ಯಾವ ಸೊಲ್ಲಿಗೆ ಕೂಡಿಸುತ್ತಾರೋ ನೋಡಬೇಕು. ನೀವು ದುಡ್ಡಿನ ಮಾತು ನಿಮ್ಮ ಯಜಮಾನರ ಹತ್ತಿರ ಮಾತಾಡಿಟ್ಟುಕೊಳ್ಳಿ, ಮೈಕಿನವನಿಗೆ ಆ ದಿನ ಮಧ್ಯಾಹ್ನದ ತನಕ ಬರುವುದೇ ಬೇಡ ಅಂತ ನಾನು ಹೇಳುತ್ತೇನೆ.